ಮುಖ್ಯ ಶಿಕ್ಷಕರ ಬದಲಾವಣೆಯೂ ಶಾಲಾ ಕಟ್ಟಡದ ನವೀಕರಣವೂ: ಕಾಸರಗೋಡಿನ ಉಪಜಿಲ್ಲೆಗಳ ನೆಲೆಯಲ್ಲಿ ಒಂದು ಅಧ್ಯಯನ

ಪಾಠದ ಉದ್ದೇಶಗಳು

ಈ ಪಾಠವನ್ನು ಓದಿ ಚರ್ಚಿಸಿದ ಬಳಿಕ ಅಧ್ಯಾಪಕರು
• ಶಾಲಾ ನಾಯಕತ್ವದ ಬದಲಾವಣೆ ಮತ್ತು ಕಟ್ಟಡ ಕಾಮಗಾರಿ ಏಕಕಾಲದಲ್ಲಿ ನಡೆದಾಗ ಕನ್ನಡ ವಿಭಾಗದ ಮೇಲಾಗುವ ಪರಿಣಾಮವನ್ನು ಗುರುತಿಸುವರು;
• ಕಟ್ಟಡ, ಶಿಕ್ಷಕರ ಸಂಖ್ಯೆ ಮತ್ತು ಮಾತೃಭಾಷಾ ಬೋಧನೆಗೆ ಸಂಬಂಧಿಸಿದ ಮುಖ್ಯ ಕಾನೂನು ಮಾನದಂಡಗಳನ್ನು ತಿಳಿಯುವರು;
• ತಮ್ಮ ಶಾಲೆಗೆ ಒಂದು ಹಸ್ತಾಂತರ ಕಡತವನ್ನು ಸಿದ್ಧಪಡಿಸುವರು.

1. ಪೀಠಿಕೆ

ಶಾಲೆಯೊಂದರಲ್ಲಿ ಎರಡು ಬಗೆಯ ಬದಲಾವಣೆಗಳು ಊರಿನ ಎಲ್ಲರ ಕಣ್ಣಿಗೂ ಬೀಳುತ್ತವೆ. ಮುಖ್ಯ ಶಿಕ್ಷಕರು ನಿವೃತ್ತರಾಗಿಯೋ ವರ್ಗವಾಗಿಯೋ ಹೋಗಿ ಹೊಸಬರು ಬರುವುದು ಒಂದು. ಹಳೆಯ ಹೆಂಚಿನ ಕಟ್ಟಡವನ್ನು ಕೆಡವಿ ಕಾಂಕ್ರೀಟಿನ ಹೊಸ ಕಟ್ಟಡ ಏಳುವುದು ಇನ್ನೊಂದು. ಮೊದಲನೆಯದಕ್ಕೆ ಬೀಳ್ಕೊಡುಗೆ, ಎರಡನೆಯದಕ್ಕೆ ಶಿಲಾನ್ಯಾಸ ಮತ್ತು ಉದ್ಘಾಟನೆ ನಡೆಯುತ್ತವೆ. ಈ ಸಮಾರಂಭಗಳ ನಡುವಿನ ತಿಂಗಳುಗಳಲ್ಲಿ ಸಂಭವಿಸುವ ಸಣ್ಣ ಸಂಗತಿಗಳು ಯಾವ ಆಮಂತ್ರಣ ಪತ್ರಿಕೆಯಲ್ಲಿಯೂ ಕಾಣಸಿಗುವುದಿಲ್ಲ. ಒಂದು ತರಗತಿ ತಾತ್ಕಾಲಿಕವಾಗಿ ಊರಿನ ವಾಚನಾಲಯಕ್ಕೆ ಹೋಗುತ್ತದೆ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಲಾಗುತ್ತದೆ. ದಾಖಲೆಯ ಕಪಾಟು ಜಗಲಿಗೆ ಬರುತ್ತದೆ. ಮನೆಯಿಂದ ದೂರವಾಯಿತೆಂದು ಇಬ್ಬರು ಮೂವರು ಮಕ್ಕಳು ಬೇರೆ ಶಾಲೆಗೆ ಸೇರುತ್ತಾರೆ.

ಸಾವಿರ ಮಕ್ಕಳಿರುವ ಶಾಲೆ ಇಂಥ ಏರುಪೇರನ್ನು ತಾಳಿಕೊಳ್ಳಬಲ್ಲದು. ಅರುವತ್ತು ಎಪ್ಪತ್ತು ಮಕ್ಕಳಿರುವ ಕನ್ನಡ ಮಾಧ್ಯಮ ಶಾಲೆಗೆ, ಅಥವಾ ಎರಡು ಮಾಧ್ಯಮಗಳ ಶಾಲೆಯೊಳಗಿನ ಸಣ್ಣ ಕನ್ನಡ ವಿಭಾಗಕ್ಕೆ, ಇದು ಅಳಿವು ಉಳಿವಿನ ಪ್ರಶ್ನೆಯಾಗಬಹುದು. ಆದುದರಿಂದ ಕಟ್ಟಡ ಕಂತ್ರಾಟುದಾರರ ವಿಷಯ, ನಾಯಕತ್ವ ಇಲಾಖೆಯ ವಿಷಯ ಎಂದು ತರಗತಿಯ ಅಧ್ಯಾಪಕರು ಅವುಗಳಿಂದ ದೂರ ನಿಲ್ಲುವಂತಿಲ್ಲ.

2. ಆಡಳಿತದ ಚೌಕಟ್ಟು

ಕಾಸರಗೋಡು ಕಂದಾಯ ಜಿಲ್ಲೆಯು 1984ರ ಮೇ 24ರಂದು ರೂಪುಗೊಂಡಿತು. ಶಾಲಾ ಆಡಳಿತದ ದೃಷ್ಟಿಯಿಂದ ಇದರಲ್ಲಿ ಕಾಸರಗೋಡು ಮತ್ತು ಕಾಞಂಗಾಡು ಎಂಬ ಎರಡು ವಿದ್ಯಾಭ್ಯಾಸ ಜಿಲ್ಲೆಗಳಿವೆ. ಕನ್ನಡ ಮಾಧ್ಯಮ ಶಾಲೆಗಳ ಬಹುಭಾಗ ಕಾಸರಗೋಡು ವಿದ್ಯಾಭ್ಯಾಸ ಜಿಲ್ಲೆಗೆ ಸೇರಿದ ಮಂಜೇಶ್ವರ, ಕುಂಬಳೆ ಮತ್ತು ಕಾಸರಗೋಡು ಉಪಜಿಲ್ಲೆಗಳಲ್ಲಿದೆ. ಪ್ರಾಥಮಿಕ ಶಾಲೆಗಳು ಉಪಜಿಲ್ಲಾ ವಿದ್ಯಾಧಿಕಾರಿಗಳ ಮೇಲ್ವಿಚಾರಣೆಗೂ ಪ್ರೌಢಶಾಲೆಗಳು ಜಿಲ್ಲಾ ವಿದ್ಯಾಧಿಕಾರಿಗಳ ಮೇಲ್ವಿಚಾರಣೆಗೂ ಒಳಪಡುತ್ತವೆ.

ಕಟ್ಟಡದ ಹೊಣೆ ಬೇರೊಂದು ದಾರಿಯಲ್ಲಿ ಸಾಗುತ್ತದೆ. 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ಬಳಿಕ ಸರಕಾರಿ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿಗೂ ಪ್ರೌಢಶಾಲೆಗಳು ಜಿಲ್ಲಾ ಪಂಚಾಯತಿಗೂ ಹಸ್ತಾಂತರವಾದವು. ಅನುದಾನಿತ ಶಾಲೆಗಳಲ್ಲಿ ಶಿಕ್ಷಕರ ವೇತನವನ್ನು ಸರಕಾರ ಭರಿಸುತ್ತದೆ. ಕಟ್ಟಡದ ಹೊಣೆ ವ್ಯವಸ್ಥಾಪಕರದು. ಹೀಗೆ ಒಂದೇ ಶಾಲೆಯ ವಿಷಯದಲ್ಲಿ ಮುಖ್ಯ ಶಿಕ್ಷಕರನ್ನು ಒಂದು ಕಚೇರಿ ಕಳುಹಿಸುತ್ತದೆ, ಗೋಡೆಯನ್ನು ಇನ್ನೊಂದು ಕಚೇರಿ ಕಟ್ಟುತ್ತದೆ. ಎರಡು ಕಚೇರಿಗಳ ವೇಳಾಪಟ್ಟಿಗಳು ಪರಸ್ಪರ ನೋಡಿಕೊಂಡು ಸಿದ್ಧವಾಗುವುದಿಲ್ಲ. ಅವೆರಡೂ ಸಂಧಿಸುವ ಸ್ಥಳ ಶಾಲೆಯೊಂದೇ.

2019ರಲ್ಲಿ ಖಾದರ್ ಸಮಿತಿಯ ವರದಿಯನ್ನು ಅನುಸರಿಸಿ ಕೇರಳದಲ್ಲಿ ಸಾರ್ವಜನಿಕ ಶಿಕ್ಷಣ, ಹೈಯರ್ ಸೆಕೆಂಡರಿ ಮತ್ತು ವೊಕೇಶನಲ್ ಹೈಯರ್ ಸೆಕೆಂಡರಿ ನಿರ್ದೇಶನಾಲಯಗಳನ್ನು ಸಾಮಾನ್ಯ ಶಿಕ್ಷಣ ನಿರ್ದೇಶನಾಲಯವೆಂಬ ಒಂದೇ ಹೆಸರಿನಡಿ ಒಗ್ಗೂಡಿಸಲಾಯಿತು. ಪ್ರೌಢ ಮತ್ತು ಹೈಯರ್ ಸೆಕೆಂಡರಿ ಎರಡೂ ವಿಭಾಗಗಳಿರುವ ಶಾಲೆಗಳಲ್ಲಿ ಪ್ರಾಂಶುಪಾಲರು ಸಂಸ್ಥೆಯ ಮುಖ್ಯಸ್ಥರಾದರು. ಪ್ರೌಢಶಾಲಾ ಮುಖ್ಯೋಪಾಧ್ಯಾಯರು ಉಪಪ್ರಾಂಶುಪಾಲರೆನಿಸಿದರು. ಕೆಳ ತರಗತಿಗಳಲ್ಲಿ ಕನ್ನಡ ವಿಭಾಗವಿದ್ದು ಮೇಲಿನ ಹಂತದಲ್ಲಿ ಅದು ವಿರಳವಾಗಿರುವ ಶಾಲೆಗಳಲ್ಲಿ ಈ ಬದಲಾವಣೆಯ ಪರಿಣಾಮವನ್ನು ವಿಶೇಷವಾಗಿ ಗಮನಿಸಬೇಕು. ಕಟ್ಟಡದ ಕೋಣೆಗಳನ್ನು ಹಂಚುವ ಅಧಿಕಾರ ಈಗ ಕನ್ನಡ ವಿಭಾಗದ ದೈನಂದಿನ ವ್ಯವಹಾರದಿಂದ ದೂರವಿರುವ ಒಬ್ಬರ ಕೈಯಲ್ಲಿರಬಹುದು.

3. ಜೂನ್ ತಿಂಗಳ ಮೊದಲ ವಾರ

ಕೇರಳದ ಶಾಲಾ ವರ್ಷದಲ್ಲಿ ಮೇ ಕೊನೆಯ ದಿನಗಳೂ ಜೂನ್ ಮೊದಲ ದಿನಗಳೂ ಅತ್ಯಂತ ಸೂಕ್ಷ್ಮವಾದವು. ನಿವೃತ್ತಿಯ ದೊಡ್ಡ ಅಲೆ ಮೇ 31ಕ್ಕೆ ಬರುತ್ತದೆ. ಅದರ ಬೆನ್ನಿಗೆ ಪ್ರವೇಶೋತ್ಸವದೊಂದಿಗೆ ಶಾಲೆ ತೆರೆಯುತ್ತದೆ. ಆರನೆಯ ಕೆಲಸದ ದಿನದ ಮಕ್ಕಳ ಸಂಖ್ಯೆಯನ್ನು ಆಧರಿಸಿ ಆ ವರ್ಷದ ಹುದ್ದೆ ನಿರ್ಣಯ ನಡೆಯುತ್ತದೆ. ‘ಸಂಪೂರ್ಣ’ ತಂತ್ರಾಂಶದಲ್ಲಿ ಅಂದು ದಾಖಲಾದ ಲೆಕ್ಕ ಇಡೀ ವರ್ಷಕ್ಕೆ ಆಧಾರ.

ಇದರ ಅರ್ಥ ಸ್ಪಷ್ಟ. ಹೊಸ ಮುಖ್ಯ ಶಿಕ್ಷಕರು ಬೀಗದ ಕೈಗಳನ್ನು ಗುರುತಿಸಿಕೊಳ್ಳುವ ಮೊದಲೇ ಶಾಲೆಯ ಭವಿಷ್ಯವನ್ನು ನಿರ್ಣಯಿಸುವ ಎಣಿಕೆ ಮುಗಿದಿರುತ್ತದೆ. ಹುದ್ದೆ ತೆರವಾಗಿ ಹಿರಿಯ ಅಧ್ಯಾಪಕರು ಪ್ರಭಾರ ವಹಿಸಿದ್ದರಂತೂ ತರಗತಿ, ಕಚೇರಿ, ಮಧ್ಯಾಹ್ನದ ಊಟ, ಕಾಮಗಾರಿ ಎಲ್ಲವೂ ಒಬ್ಬರ ಹೆಗಲೇರುತ್ತವೆ. ಮಳೆಗಾಲ ಕಾಲಿಡುವುದೂ ಅದೇ ವಾರದಲ್ಲಿ. ಕಟ್ಟಡದ ಸುರಕ್ಷತೆಯ ಬಗ್ಗೆ ಸ್ಥಳೀಯಾಡಳಿತದ ಇಂಜಿನಿಯರಿಂಗ್ ವಿಭಾಗದಿಂದ ಅರ್ಹತಾ ಪತ್ರ ಪಡೆಯದೆ ಶಾಲೆ ತೆರೆಯುವಂತಿಲ್ಲವಾದುದರಿಂದ ಅದರ ಓಡಾಟವೂ ಆಗಲೇ ನಡೆಯುತ್ತಿರುತ್ತದೆ.

ಸಂಖ್ಯೆಯ ಮಹತ್ವವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಂತೆ 1ರಿಂದ 5ನೆಯ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು ಶಿಕ್ಷಕರಿರಬೇಕು. ಇದು ಕನಿಷ್ಠ ಮಾನದಂಡ. ವಿಭಾಗವಾರು ಲೆಕ್ಕಕ್ಕೆ ರಾಜ್ಯದ ಆದೇಶಗಳನ್ನು ನೋಡಬೇಕು. 63 ಮಕ್ಕಳಿರುವ ಒಂದು ಶಾಲೆಯ ಹಳೆಯ ಕಟ್ಟಡವನ್ನು ಮಾರ್ಚ್ ಕೊನೆಯಲ್ಲಿ ಕೆಡವಲಾಯಿತೆಂದು ಭಾವಿಸೋಣ. ಜೂನ್ ಹೊತ್ತಿಗೆ ಹೊಸ ಕಟ್ಟಡ ಅಡಿಪಾಯದಿಂದ ಮೇಲೇರಿಲ್ಲ. ಎರಡು ತರಗತಿಗಳನ್ನು ಒಂದು ಕಿಲೋಮೀಟರ್ ದೂರದ ಸಭಾಭವನಕ್ಕೆ ಕಳುಹಿಸಲಾಯಿತು. ಮಳೆಯಲ್ಲಿ ಚಿಕ್ಕ ಮಕ್ಕಳನ್ನು ಅಷ್ಟು ದೂರ ನಡೆಸುವುದು ಬೇಡವೆಂದು ಮೂರು ಮನೆಯವರು ಬಾಗಿಲಿಗೆ ವಾಹನ ಬರುವ ಬೇರೊಂದು ಶಾಲೆಗೆ ಮಕ್ಕಳನ್ನು ಸೇರಿಸಿದರು. ಲೆಕ್ಕ 60ಕ್ಕೆ ಇಳಿಯಿತು. ಅನುಸೂಚಿಯ ಪ್ರಕಾರ ಮೂವರು ಶಿಕ್ಷಕರ ಜಾಗದಲ್ಲಿ ಇಬ್ಬರು ಸಾಕು. ಮರುವರ್ಷ ಸುಂದರವಾದ ನಾಲ್ಕು ಕೋಣೆಗಳು ಉದ್ಘಾಟನೆಗೊಂಡಾಗ ಅವುಗಳಲ್ಲಿ ಪಾಠ ಹೇಳಲು ಇಬ್ಬರೇ ಉಳಿದಿದ್ದರು. ಇಲ್ಲಿ ಯಾರೂ ಕೆಡುಕನ್ನು ಬಯಸಿರಲಿಲ್ಲ. ಕಾಮಗಾರಿಯ ತಿಂಗಳನ್ನು ಎಣಿಕೆಯ ದಿನದೊಂದಿಗೆ ಹೋಲಿಸಿ ನೋಡಿದವರು ಇರಲಿಲ್ಲ, ಅಷ್ಟೆ.

4. ಕಟ್ಟಡದ ಹಣ ಮತ್ತು ಮಾನದಂಡ

1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೊದಲ ಹಂತದಲ್ಲಿಯೇ ಕೇರಳದಿಂದ ಕಾಸರಗೋಡು, ವಯನಾಡು ಮತ್ತು ಮಲಪ್ಪುರಂ ಜಿಲ್ಲೆಗಳು ಸೇರಿದ್ದವು. ಬಳಿಕ ಸರ್ವ ಶಿಕ್ಷಾ ಅಭಿಯಾನ, 2018ರಿಂದ ಸಮಗ್ರ ಶಿಕ್ಷಾ ಬಂದವು. 2017ರಲ್ಲಿ ಕೇರಳ ಸರಕಾರವು ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞವನ್ನು ಆರಂಭಿಸಿ, ಕಿಫ್ಬಿ ನಿಧಿಯಿಂದ ಪ್ರತಿ ವಿಧಾನಸಭಾ ಕ್ಷೇತ್ರದ ಒಂದು ಶಾಲೆಗೆ 5 ಕೋಟಿ ರೂಪಾಯಿ, ಇತರ ಆಯ್ದ ಶಾಲೆಗಳಿಗೆ ಮಕ್ಕಳ ಸಂಖ್ಯೆಗೆ ತಕ್ಕಂತೆ 3 ಕೋಟಿ ಮತ್ತು 1 ಕೋಟಿ ರೂಪಾಯಿಗಳ ಕಟ್ಟಡ ಯೋಜನೆಗಳನ್ನು ಕೈಗೊಂಡಿತು. 2021ರಿಂದ ಇದು ವಿದ್ಯಾಕಿರಣಂ ಎಂಬ ಹೆಸರಿನಲ್ಲಿ ಮುಂದುವರಿದಿದೆ.

ಮಕ್ಕಳ ಸಂಖ್ಯೆಯೇ ಆಯ್ಕೆಯ ಅಳತೆಯಾದಾಗ ಗಡಿಯ ಸಣ್ಣ ಕನ್ನಡ ಶಾಲೆ ಈ ಮೂರು ಮೆಟ್ಟಿಲುಗಳ ಕೆಳಗೇ ಉಳಿಯುವುದು ಸಹಜ. ಅಂಥ ಶಾಲೆಗಳಿಗೆ ಗ್ರಾಮ ಪಂಚಾಯತಿಯ ಯೋಜನಾ ನಿಧಿ, ಶಾಸಕರ ನಿಧಿ, ಸಮಗ್ರ ಶಿಕ್ಷಾದ ಅನುದಾನ ಹಾಗೂ ಪ್ರಭಾಕರನ್ ಆಯೋಗದ ವರದಿಯನ್ನು ಆಧರಿಸಿ ರೂಪುಗೊಂಡ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಎಂಬ ದಾರಿಗಳಿವೆ. ಇವುಗಳಲ್ಲಿ ಬಹುಪಾಲು ಅರ್ಜಿ ಸಲ್ಲಿಸಿದವರಿಗೆ ಸಿಗುವಂಥವು. ಅರ್ಜಿಯ ಹಿಂದೆ ಶಾಲಾಭಿವೃದ್ಧಿ ಯೋಜನೆ ಇರಬೇಕು. ಶಿಕ್ಷಣ ಹಕ್ಕು ಕಾಯಿದೆಯ 22ನೆಯ ಸೆಕ್ಷನ್ ಈ ಯೋಜನೆಯನ್ನು ಶಾಲಾ ನಿರ್ವಹಣಾ ಸಮಿತಿಯ ಕರ್ತವ್ಯವಾಗಿಸಿದೆ. 21ನೆಯ ಸೆಕ್ಷನ್ ಪ್ರಕಾರ ಸಮಿತಿಯ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ರಕ್ಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಮುಖ್ಯ ಶಿಕ್ಷಕರು ಬದಲಾದರೂ ಸಮಿತಿ ಉಳಿಯುತ್ತದೆ. ಯೋಜನೆ ಸಮಿತಿಯ ನಡಾವಳಿಯಲ್ಲಿ ದಾಖಲಾಗಿದ್ದರೆ ಅದೂ ಉಳಿಯುತ್ತದೆ. ನಿರ್ಗಮಿಸಿದವರ ನೆನಪಿನಲ್ಲಿ ಮಾತ್ರ ಇದ್ದರೆ ಅವರೊಂದಿಗೇ ಹೋಗುತ್ತದೆ.

ಕಾಯಿದೆಯ ಅನುಸೂಚಿ ಎಲ್ಲ ಹವಾಮಾನಕ್ಕೂ ಒಗ್ಗುವ ಕಟ್ಟಡ, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೋಣೆ, ಕಚೇರಿ ಹಾಗೂ ದಾಸ್ತಾನಿಗೆ ಬಳಸಬಹುದಾದ ಮುಖ್ಯ ಶಿಕ್ಷಕರ ಕೋಣೆ, ತಡೆಯಿಲ್ಲದ ಪ್ರವೇಶ ಮಾರ್ಗ, ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಅಡುಗೆ ಕೋಣೆ, ಆಟದ ಬಯಲು ಮತ್ತು ಆವರಣ ಗೋಡೆ ಅಥವಾ ಬೇಲಿಯನ್ನು ಕೇಳುತ್ತದೆ. ಈ ಪಟ್ಟಿಯ ಕೆಲವು ಅಂಶಗಳಿಗೆ ನಮ್ಮ ನೆಲದಲ್ಲಿ ಹೆಚ್ಚಿನ ತೂಕವಿದೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಮೊದಲಾದ ಎಂಡೋಸಲ್ಫಾನ್ ಪೀಡಿತ ಪಂಚಾಯತುಗಳಲ್ಲಿ ಗಾಲಿಕುರ್ಚಿಗೆ ಅನುಕೂಲವಾದ ಇಳಿಜಾರು ದಾರಿ ಬರಿಯ ನಿಯಮಪಾಲನೆಯಲ್ಲ. ಒಂದು ಮಗು ಶಾಲೆಗೆ ಬರುತ್ತದೋ ಇಲ್ಲವೋ ಎಂಬುದನ್ನು ಅದು ನಿರ್ಧರಿಸುತ್ತದೆ.

ಮಾಡಿನ ವಿಷಯವೂ ಹಾಗೆಯೇ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಸುತ್ತ ಜಗಲಿ ಎಂಬುದು ಹಳೆಯ ಶಾಲೆಗಳ ರೂಢಿಯ ವಿನ್ಯಾಸ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಈ ಮಾಡು ಕರಾವಳಿಯುದ್ದಕ್ಕೂ ಹರಡಿತು. ಹೆಂಚನ್ನು ತೆಗೆದು ಲೋಹದ ತಗಡು ಹೊದಿಸಿದ ಕೋಣೆಗಳಲ್ಲಿ ಜುಲೈ ಮಳೆಯ ಸದ್ದಿಗೆ ಅಧ್ಯಾಪಕರ ದನಿ ಮೂರನೆಯ ಸಾಲಿಗೆ ಕೇಳಿಸುವುದಿಲ್ಲ. ಉಕ್ತಲೇಖನ, ಗಟ್ಟಿ ಓದು, ಕತೆ ಹೇಳುವಿಕೆ, ಹಾಡು ಇವೆಲ್ಲ ಕಿವಿಯನ್ನು ನಂಬಿದ ಭಾಷಾ ಚಟುವಟಿಕೆಗಳು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತಾಡಿ ಶಾಲೆಯಲ್ಲಿ ಬರಹದ ಕನ್ನಡವನ್ನು ಹೊಸದಾಗಿ ಕೇಳುವ ಮಗುವಿಗೆ ಎರಡು ತಿಂಗಳ ಶ್ರವಣ ನಷ್ಟ ಸಣ್ಣದಲ್ಲ. ಮಾಡಿನ ಆಯ್ಕೆಯ ಚರ್ಚೆಯಲ್ಲಿ ಭಾಷಾ ಶಿಕ್ಷಕರು ಮಾತಾಡಬೇಕಾದುದು ಇದಕ್ಕಾಗಿ.

5. ಮಾತೃಭಾಷೆಯ ರಕ್ಷಣೆಗಳು

ಸಂವಿಧಾನಕ್ಕೆ 1956ರ ಏಳನೆಯ ತಿದ್ದುಪಡಿಯ ಮೂಲಕ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಕರ್ಯ ಒದಗಿಸುವಂತೆ ರಾಜ್ಯಗಳಿಗೂ ಸ್ಥಳೀಯ ಪ್ರಾಧಿಕಾರಗಳಿಗೂ ಹೇಳುತ್ತದೆ. ಸ್ಥಳೀಯ ಪ್ರಾಧಿಕಾರವೆಂದರೆ ನಮ್ಮ ಸಂದರ್ಭದಲ್ಲಿ ಕಟ್ಟಡ ಕಟ್ಟುವ ಪಂಚಾಯತೇ. ಸೌಕರ್ಯವೆಂಬ ಮಾತಿನಲ್ಲಿ ಶಿಕ್ಷಕರೊಂದಿಗೆ ಕೋಣೆಯೂ ಸೇರಿದೆಯೆಂದು ವಾದಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಸೂತ್ರದಂತೆ ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಬೋಧಿಸುವ ಶಿಕ್ಷಕರನ್ನು ಒದಗಿಸಬೇಕು. ಭಾಷಾ ಅಲ್ಪಸಂಖ್ಯಾತ ಮಕ್ಕಳ ಹೆಸರನ್ನು ಶಾಲಾ ವರ್ಷದ ಮೊದಲೇ ಮುಂಗಡ ನೋಂದಣಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ನೆರೆಯ ಶಾಲೆಗಳೊಡನೆ ಹೊಂದಾಣಿಕೆ ಮಾಡುವುದು ಕೂಡ ಈ ರಕ್ಷಣಾ ಕ್ರಮಗಳಲ್ಲಿ ಸೇರಿವೆ. ಕಾಮಗಾರಿ ನಡೆಯುವ ವರ್ಷದಲ್ಲಿ ಮುಂಗಡ ನೋಂದಣಿ ಪುಸ್ತಕ ಎಂದಿಗಿಂತಲೂ ಮುಖ್ಯ. ಅಂಗನವಾಡಿಗಳ ಪಟ್ಟಿಯನ್ನು ಫೆಬ್ರವರಿಯಲ್ಲೇ ಪಡೆದು ಮನೆಭೇಟಿ ಮಾಡಿದರೆ ತಾತ್ಕಾಲಿಕ ತರಗತಿ ಎಲ್ಲಿರುತ್ತದೆ, ಮಗುವನ್ನು ಯಾರು ಕರೆತರುತ್ತಾರೆ ಎಂಬ ರಕ್ಷಕರ ಪ್ರಶ್ನೆಗೆ ಜೂನಿಗೆ ಮೊದಲೇ ಉತ್ತರ ಕೊಡಬಹುದು.

1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯಲ್ಲಿ ತಮಿಳು ಮತ್ತು ಕನ್ನಡ ಭಾಷಾ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು, ಅದೇ ಭಾಷೆಯಲ್ಲಿ ಉತ್ತರ ಪಡೆಯಲು ಅವಕಾಶವಿದೆ. ಕೋಣೆ ಹಂಚಿಕೆ, ಕಾಮಗಾರಿಯ ವಿಳಂಬ, ತೆರವಾದ ಹುದ್ದೆ ಮುಂತಾದುವುಗಳ ಬಗ್ಗೆ ರಕ್ಷಕ ಶಿಕ್ಷಕ ಸಂಘವು ಕನ್ನಡದಲ್ಲಿಯೇ ಮನವಿ ಸಲ್ಲಿಸಬಹುದು. ಬಳಸದ ಹಕ್ಕು ಕಾಲಕ್ರಮದಲ್ಲಿ ಕಚೇರಿಯ ರೂಢಿಯಿಂದ ಮರೆಯಾಗುತ್ತದೆ.

6. ಕನ್ನಡ ತಿಳಿಯದ ಮುಖ್ಯಸ್ಥರು ಬಂದಾಗ

ಜ್ಯೇಷ್ಠತೆಯ ಆಧಾರದ ಬಡ್ತಿಯಲ್ಲಿ ಕನ್ನಡ ಓದು ಬರಹ ತಿಳಿಯದವರು ಕನ್ನಡ ಮಾಧ್ಯಮವಿರುವ ಶಾಲೆಗೆ ಮುಖ್ಯಸ್ಥರಾಗಿ ಬರುವ ಸಂದರ್ಭಗಳುಂಟು. ತರಗತಿಯಲ್ಲಿ ಪಾಠ ಹೇಳುವ ಹುದ್ದೆಗೆ ಕನ್ನಡ ತಿಳಿಯದವರ ನೇಮಕವಾದಾಗ ಅದನ್ನು ಕಾನೂನಿನ ಮತ್ತು ಸಂಘಟನೆಯ ಮಾರ್ಗದಲ್ಲಿ ಪ್ರಶ್ನಿಸಬೇಕಾದುದು ನ್ಯಾಯ. ಅಲ್ಲಿ ಮಗುವಿನ ಕಲಿಕೆಯೇ ನಿಂತುಹೋಗುತ್ತದೆ. ಆಡಳಿತದ ಹುದ್ದೆಯ ವಿಷಯದಲ್ಲಿ ಪ್ರಶ್ನಿಸುವುದರೊಂದಿಗೆ, ಶಾಲೆಯ ದಿನಚರಿ ಕೆಡದಂತೆ ಕೆಲವು ಏರ್ಪಾಡುಗಳನ್ನೂ ಮಾಡಿಕೊಳ್ಳಬೇಕಾಗುತ್ತದೆ.

ಶಾಲಾ ಸಂಪನ್ಮೂಲ ಗುಂಪಿನ ಹಾಗೂ ರಕ್ಷಕ ಶಿಕ್ಷಕ ಸಂಘದ ನಡಾವಳಿಗಳನ್ನು ಎರಡೂ ಭಾಷೆಗಳಲ್ಲಿ ಬರೆಯತಕ್ಕದ್ದು. ರಕ್ಷಕರಿಗೆ ಕಳುಹಿಸುವ ಪ್ರತಿಯೊಂದು ಸೂಚನೆಯ ಕನ್ನಡ ಪಾಠಕ್ಕೆ ಒಬ್ಬ ಅಧ್ಯಾಪಕರು ಹೊಣೆಯಾಗಿರಬೇಕು. ಕಾಮಗಾರಿಯ ಸಭೆಗಳಲ್ಲಿ ಕನ್ನಡ ವಿಭಾಗದ ಹಿರಿಯ ಅಧ್ಯಾಪಕರು ಕಡ್ಡಾಯವಾಗಿ ಹಾಜರಿರಬೇಕು. ಹೊಸ ಮುಖ್ಯಸ್ಥರನ್ನು ಹೊರಗಿನವರೆಂದು ಕಂಡು ದೂರವಿರಿಸಿದರೆ ಅವರು ಕನ್ನಡ ವಿಭಾಗದ ಸಂಖ್ಯೆಯನ್ನು ಮಾತ್ರ ಕಾಣುವರು, ಮಕ್ಕಳನ್ನು ಕಾಣಲಾರರು. ಮೊದಲ ವಾರದಲ್ಲಿಯೇ ಕನ್ನಡ ತರಗತಿಗೆ ಅವರನ್ನು ಬರಮಾಡಿಕೊಂಡು ಮಕ್ಕಳ ಬರಹ, ಗೋಡೆ ಪತ್ರಿಕೆ, ಓದಿನ ಮೂಲೆಗಳನ್ನು ತೋರಿಸುವುದು ಹೆಚ್ಚು ಫಲಕಾರಿ.

7. ಹಸ್ತಾಂತರ ಕಡತ

ನಿರ್ಗಮಿಸುವ ಮುಖ್ಯ ಶಿಕ್ಷಕರು ನಗದು ಪುಸ್ತಕ ಮತ್ತು ದಾಸ್ತಾನು ಪುಸ್ತಕಗಳನ್ನು ನಿಯಮದಂತೆ ಒಪ್ಪಿಸುತ್ತಾರೆ. ಅವುಗಳೊಂದಿಗೆ ಈ ಕೆಳಗಿನವು ಒಂದೇ ಕಡತದಲ್ಲಿರಲಿ.

• ಕಳೆದ ಐದು ವರ್ಷಗಳ ಆರನೆಯ ಕೆಲಸದ ದಿನದ ಎಣಿಕೆ, ತರಗತಿವಾರು ಮತ್ತು ಮಾಧ್ಯಮವಾರು.
• ಮುಂಗಡ ನೋಂದಣಿ ಪುಸ್ತಕ, ಅಂಗನವಾಡಿಗಳ ಪಟ್ಟಿ.
• ಜಾಗದ ದಾಖಲೆ, ಗಡಿಯ ನಕ್ಷೆ, ಕಟ್ಟಡದ ಅರ್ಹತಾ ಪತ್ರ.
• ಸಲ್ಲಿಸಿದ ಪ್ರತಿಯೊಂದು ಕಟ್ಟಡ ಅರ್ಜಿಯ ಪ್ರತಿ, ದಿನಾಂಕ, ಈಗಿನ ಸ್ಥಿತಿ.
• ಕಾಮಗಾರಿಯ ಅವಧಿಯಲ್ಲಿ ಯಾವ ತರಗತಿ ಎಲ್ಲಿ ನಡೆಯುವುದೆಂಬ ನಕ್ಷೆ. ಹೊಸ ಕಟ್ಟಡದಲ್ಲಿ ಕನ್ನಡ ವಿಭಾಗಕ್ಕೆ ನಿಗದಿಯಾದ ಕೋಣೆಗಳ ಬಗ್ಗೆ ಸಮಿತಿಯ ನಿರ್ಣಯ.
• ಸಮಗ್ರ ಶಿಕ್ಷಾದ ಸಂಯುಕ್ತ ಶಾಲಾ ಅನುದಾನದ ಖರ್ಚಿನ ವಿವರ. ಈ ಅನುದಾನದ ಕನಿಷ್ಠ ಹತ್ತನೆಯ ಒಂದು ಪಾಲು ಸ್ವಚ್ಛತೆಗೆ ಮೀಸಲು.
• ಕನ್ನಡ ಗ್ರಂಥಾಲಯದ ಪುಸ್ತಕಗಳ ಪಟ್ಟಿ ಮತ್ತು ಅವುಗಳನ್ನು ಕಾಮಗಾರಿಯ ಕಾಲದಲ್ಲಿ ಇರಿಸಿದ ಸ್ಥಳ.
• ಹಳೆಯ ದಾಖಲಾತಿ ಪುಸ್ತಕಗಳ ಪಟ್ಟಿ.

ಕೊನೆಯ ಅಂಶಕ್ಕೆ ವಿವರಣೆ ಅಗತ್ಯ. ಈ ಪ್ರದೇಶ 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ಕಾಲದ ಶಾಲೆಗಳಲ್ಲಿ ಕನ್ನಡದಲ್ಲಿ ಬರೆದ ದಾಖಲಾತಿ ಪುಸ್ತಕ, ನಡಾವಳಿ, ದಾನಿಗಳ ಹೆಸರಿನ ಕಲ್ಲು ಇರುವುದುಂಟು. ಕಟ್ಟಡ ಕೆಡವುವಾಗ ಇವು ಹಳೆಯ ಮರದೊಂದಿಗೆ ಹರಾಜಿಗೆ ಹೋಗುವ ಅಪಾಯವಿದೆ. ಊರಿನಲ್ಲಿ ಕನ್ನಡ ಶಾಲೆ ಎಷ್ಟು ಕಾಲದಿಂದ ಇದೆಯೆಂಬುದಕ್ಕೆ ಇವೇ ಸಾಕ್ಷಿ. ಕೆಡವುವ ಮೊದಲು ಕಲ್ಲನ್ನು ತೆಗೆದಿರಿಸಿ ಹೊಸ ಗೋಡೆಯಲ್ಲಿ ಕೂರಿಸುವಂತೆ ಕಾಮಗಾರಿಯ ಅಂದಾಜಿನಲ್ಲೇ ಬರೆಯಿಸಬೇಕು. ಹೊಸ ಕಟ್ಟಡದ ನಾಮಫಲಕ, ಕೋಣೆಗಳ ಹೆಸರು, ಸುರಕ್ಷತಾ ಸೂಚನೆಗಳಲ್ಲಿ ಕನ್ನಡ ಇರಬೇಕೆಂಬುದನ್ನೂ ಬಣ್ಣ ಬಳಿಯುವ ಮೊದಲೇ ತಿಳಿಸಬೇಕು.

8. ಒಂದು ಹೋಲಿಕೆ

ಆಂಧ್ರಪ್ರದೇಶದಲ್ಲಿ 2019ರ ನವೆಂಬರ್ 14ರಂದು ಆರಂಭವಾದ ‘ಮನಬಡಿ ನಾಡು ನೇಡು’ ಯೋಜನೆಯಲ್ಲಿ ಕಾಮಗಾರಿಯ ನಿರ್ವಹಣೆಯನ್ನು ಶಾಲೆಯ ಪೋಷಕರ ಸಮಿತಿಗಳಿಗೆ ವಹಿಸಲಾಯಿತು. ಆದೋನಿ, ರಾಯದುರ್ಗ, ಮಡಕಶಿರಾ ಪ್ರದೇಶಗಳ ಕನ್ನಡ ಶಾಲೆಗಳೂ ಅದೇ ರಾಜ್ಯಕ್ಕೆ ಸೇರಿದವು. ಶೌಚಾಲಯ, ಕುಡಿಯುವ ನೀರು, ದುರಸ್ತಿ, ವಿದ್ಯುತ್, ಪೀಠೋಪಕರಣ, ಹಸಿರು ಹಲಗೆ, ಬಣ್ಣ, ಆವರಣ ಗೋಡೆಗಳೊಂದಿಗೆ ಇಂಗ್ಲಿಷ್ ಪ್ರಯೋಗಾಲಯವೂ ಅದರ ಅಂಗಗಳಲ್ಲೊಂದಾಗಿತ್ತು. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಹಣದ ಲೆಕ್ಕ ರಕ್ಷಕರ ಕೈಯಲ್ಲಿದ್ದಾಗ ಮುಖ್ಯ ಶಿಕ್ಷಕರ ವರ್ಗಾವಣೆಯಿಂದ ಕೆಲಸದ ನೆನಪು ಅಳಿಯುವುದಿಲ್ಲ. ರಾಜ್ಯಮಟ್ಟದ ಪಟ್ಟಿ ಸಿದ್ಧವಾಗುವಾಗ ಅಲ್ಪಸಂಖ್ಯಾತ ಭಾಷೆಯ ಅಗತ್ಯ ತಾನಾಗಿ ಅದರೊಳಗೆ ಬರುವುದಿಲ್ಲ. ಕನ್ನಡ ವಾಚನಾಲಯದ ಕೋಣೆ ಬೇಕೆಂದು ಶಾಲೆಯಿಂದಲೇ ಬೇಡಿಕೆ ಹೋಗಬೇಕು.

9. ಚಟುವಟಿಕೆಗಳು

(1) ನಿಮ್ಮ ಶಾಲೆಯ ಐದು ವರ್ಷಗಳ ಎಣಿಕೆಯನ್ನು ಒಂದು ಕೋಷ್ಟಕದಲ್ಲಿ ಬರೆಯಿರಿ. ಮುಖ್ಯ ಶಿಕ್ಷಕರು ಬದಲಾದ ವರ್ಷವನ್ನೂ ಕಾಮಗಾರಿ ನಡೆದ ವರ್ಷವನ್ನೂ ಗುರುತು ಮಾಡಿರಿ. ಸಂಖ್ಯೆಯ ಇಳಿಕೆಗೂ ಈ ಗುರುತುಗಳಿಗೂ ಸಂಬಂಧವಿದೆಯೇ? ಇಳಿಕೆಗೆ ಇತರ ಕಾರಣಗಳಿದ್ದರೆ ಅವನ್ನೂ ಪಟ್ಟಿ ಮಾಡಿರಿ.

(2) ಮಳೆ ಸುರಿಯುವ ಒಂದು ದಿನ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು ಸಹೋದ್ಯೋಗಿಯ ಗಟ್ಟಿ ಓದನ್ನು ಆಲಿಸಿರಿ. ಎಷ್ಟು ಪದಗಳು ಕೇಳಿಸಲಿಲ್ಲವೆಂದು ಬರೆದು ಶಾಲಾ ನಿರ್ವಹಣಾ ಸಮಿತಿಯ ಮುಂದಿಡಿರಿ.

(3) ಉಪಜಿಲ್ಲಾ ಮಟ್ಟದ ಕೂಟದಲ್ಲಿ ಮೂರು ಶಾಲೆಗಳ ಅಧ್ಯಾಪಕರು ಒಂದಾಗಿ ಹಸ್ತಾಂತರ ಕಡತದ ಮಾದರಿಯನ್ನು ತಯಾರಿಸಿರಿ.

ಚರ್ಚೆಗೆ ಪ್ರಶ್ನೆಗಳು

ಅ. ಕೆಡವುವ ಕೆಲಸವನ್ನು ಯಾವ ತಿಂಗಳಲ್ಲಿ ಆರಂಭಿಸಿದರೆ ಆರನೆಯ ಕೆಲಸದ ದಿನದ ಎಣಿಕೆಗೆ ಧಕ್ಕೆಯಾಗದು? ಮಳೆಗಾಲ, ಪರೀಕ್ಷೆ, ಪಂಚಾಯತಿಯ ಆರ್ಥಿಕ ವರ್ಷ ಇವನ್ನು ಗಮನಿಸಿ ಉತ್ತರಿಸಿರಿ.

ಆ. ಎರಡು ಮಾಧ್ಯಮಗಳ ಶಾಲೆಯಲ್ಲಿ ತಾತ್ಕಾಲಿಕ ಕಟ್ಟಡಕ್ಕೆ ಹೋಗುವ ಸರದಿ ಸದಾ ಕನ್ನಡ ವಿಭಾಗದ್ದೇ ಆಗುವುದನ್ನು ಹೇಗೆ ತಡೆಯಬಹುದು?

ಇ. ಮುಖ್ಯ ಶಿಕ್ಷಕರ ಹುದ್ದೆ ತೆರವಾಗಿರುವ ಅವಧಿಯಲ್ಲಿ ಕಾಮಗಾರಿಯ ನಿರ್ಧಾರಗಳನ್ನು ಯಾರು, ಯಾವ ದಾಖಲೆಯೊಂದಿಗೆ ಕೈಗೊಳ್ಳಬೇಕು?

ಮುಖ್ಯಸ್ಥರು ಬಂದು ಹೋಗುವುದೂ ಕಟ್ಟಡ ಹಳತಾಗಿ ಹೊಸತಾಗುವುದೂ ಎಲ್ಲ ಶಾಲೆಗಳಲ್ಲಿ ನಡೆಯುವ ಸಹಜ ಕ್ರಿಯೆಗಳು. ಅವುಗಳ ಮಧ್ಯೆ ಶಾಲೆಯಲ್ಲಿ ಹೆಚ್ಚು ಕಾಲ ನಿಲ್ಲುವವರು ತರಗತಿಯ ಅಧ್ಯಾಪಕರೂ ಊರಿನ ರಕ್ಷಕರೂ ಆಗಿದ್ದಾರೆ. ಶಾಲೆಯ ಲೆಕ್ಕ, ನಕ್ಷೆ ಮತ್ತು ನಿರ್ಣಯಗಳು ಇವರ ಕೈಯಲ್ಲಿ ಕ್ರಮವಾಗಿದ್ದರೆ ಹೊಸ ಕಟ್ಟಡದ ಬಾಗಿಲು ತೆರೆದ ದಿನ ಕನ್ನಡ ತರಗತಿಯ ಮಕ್ಕಳೂ ತಮ್ಮ ಕೋಣೆಗೆ ನಡೆದು ಹೋಗುವರು.